ಇಲಿ ಓಡಿದ ಪುಟ

“ಡಾಂಬರು ಕೈಲಿ ಆ ಪುಸ್ತಕ ಮುಟ್ಬೇಡ ಕಣೋ! ಅದರಲ್ಲಿ ಚಿತ್ರಗಿತ್ರ ಏನೂ ಇಲ್ಲ,” ಎಂದಳು ತೀರಿಹೋದ ಟ್ರೆಗಿಯರ್ ಮೇಷ್ಟರ ಮಗಳು. ಮೇಷ್ಟರ ಪುಸ್ತಕಗಳ ಮಾರಾಟಕ್ಕೆ ಸೇರಿದ್ದ ಬ್ಯೂಟ್ ಎಂಬ ಗಣಿ ಊರಿನ ಜನ ನಕ್ಕರು.

ನನಗೆ ಮೈ ಉರಿಯಿತು. ಆ ಗಣಿ ಕಾದಂಬರಿ ನಾನು ಮೇಷ್ಟರಿಗೆ ಓದಲು ಕೊಟ್ಟಿದ್ದ ನನ್ನದೇ ಪ್ರತಿ. ಅವರ ಮನೆ ಛಾವಣಿಗೆ ಡಾಂಬರು ಬಳಿಯಲು ಹೋದಾಗ, ಒಂಬತ್ತನೇ ತರಗತಿಗೇ ಶಾಲೆ ಬಿಟ್ಟ ನನ್ನನ್ನು ಏಣಿಯಿಂದ ಇಳಿಸಿ ಓದಿಗೆ ಹಚ್ಚಿದವರು ಮೇಷ್ಟರು. ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಜಗಳ ಬರೆದು ಪುಸ್ತಕ ಕೊಟ್ಟು ತರುವುದು ನಮ್ಮಿಬ್ಬರ ರೂಢಿ. ಈ ಸಲ ಪುಸ್ತಕ ವಾಪಸು ಬರುವ ಮೊದಲೇ ಅವರು ಹೋದರು. ಅವರೇನು ಬರೆದಿದ್ದಾರೆಂದು ನೋಡಬೇಕಿತ್ತು, ಅಷ್ಟೇ.

ಅವಳು ನನ್ನ ಕೈಯಿಂದ ಪುಸ್ತಕ ಕಿತ್ತುಕೊಂಡು ತೆರೆದಳು. ಗಣಿಯವರು ಇಲಿಗಳನ್ನು ಹೊಡೆದು ಕೊಲ್ಲುವ ಪುಟ. ಪಕ್ಕದಲ್ಲಿ ನಾನು ಬರೆದದ್ದನ್ನು ಗಟ್ಟಿಯಾಗಿ ಓದಿದಳು: “ಶುದ್ಧ ಸುಳ್ಳು. ಇಲಿ ಓಡಿದರೆ ಬಂಡೆ ಕುಸಿಯುತ್ತದೆಂದು ತಿಳಿಯುತ್ತಿತ್ತು. ನಮ್ಮಜ್ಜ ತನ್ನ ಬುತ್ತಿಯಲ್ಲೇ ಇಲಿಗೆ ಪಾಲು ಇಡುತ್ತಿದ್ದ. ಇಂತಿ, ರೋರ್ಕ್.”

ಕೆಳಗೆ ಅವಳ ಅಪ್ಪನ ನಡುಗುವ ಅಕ್ಷರ. ಅದನ್ನೂ ಓದಿದಳು: “ರೋರ್ಕ್ ಹೇಳಿದ್ದೇ ಸರಿ. ಅನುಮಾನ ಬಂದು ಗಣಿಗಳ ಬಗೆಗಿನ ಸಂಶೋಧನಾ ಗ್ರಂಥವನ್ನೇ ತರಿಸಿದೆ. ಅದರಲ್ಲೂ ಹಾಗೇ ಇದೆ. ಇಷ್ಟು ವರ್ಷ ಮಕ್ಕಳಿಗೆ ನಾನು ತಪ್ಪು ಪಾಠ ಹೇಳಿದೆ.”

ಕಪಾಟಿನ ತುದಿಯಲ್ಲಿ ಆ ದಪ್ಪ ಗ್ರಂಥ ಹೊಚ್ಚಹೊಸದಾಗಿ ನಿಂತಿತ್ತು. ನಕ್ಕಿದ್ದವರೆಲ್ಲ ಅದರತ್ತ ತಿರುಗಿ ನೋಡಿದರು.

“ಈ ರೋರ್ಕ್ ಯಾವ ಕಾಲೇಜಿನ ಪ್ರೊಫೆಸರು? ಗೊತ್ತಾ ಯಾರಿಗಾದ್ರೂ? ಅವರಿಗಿದನ್ನ ತಲುಪಿಸ್ಬೇಕು,” ಎನ್ನುತ್ತ ಅವಳು ಕೊನೆಗೆ ನನ್ನತ್ತ ನೋಡಿದಳು.

ನನಗೆ ಬೇಕಿದ್ದದ್ದು ಕಿವಿಗೆ ಬಿದ್ದಾಗಿತ್ತು. ಡಾಂಬರು ಕೈಗಳನ್ನು ಜೇಬಿಗೆ ತುರುಕಿ ಹೊರಟುಬಿಟ್ಟೆ.