ಒಗೆಯದ ಸೀರೆ

“ಆಂಟಿ, ಇದೇ ಅನ್ಸುತ್ತೆ. ನೀಲಿ ಗೇಟು, ಪಕ್ಕದಲ್ಲಿ ಬೇವಿನ ಮರ ಅಂತ ಅಂಕಲ್ ಹೇಳಿದ್ರು,” ಎಂದು ಪಕ್ಕದ ಫ್ಲ್ಯಾಟಿನ ಪೂರ್ವಿ ಕಾರನ್ನು ಮಣ್ಣಿನ ದಾರಿಗೆ ಇಳಿಸಿದಳು.

ಹಿಂದಿನ ಸೀಟಿನಲ್ಲಿ ಅವಳ ನಾಯಿ ಲಡ್ಡುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ ಭವಾನಿ ತಲೆ ಎತ್ತಿದಳು. “ಯಾವ ಅಂಕಲ್?”

“ನಿಮ್ಮ ಮನೆಯವರೇ! ಲಿಫ್ಟಲ್ಲಿ ಸಿಕ್ಕಿದ್ರು. ಮೈಸೂರಿಗೆ ಹೋಗ್ಬೇಕು, ಇವನನ್ನ ಎಲ್ಲಿ ಬಿಡೋದು ಗೊತ್ತಾಗ್ತಿಲ್ಲ ಅಂದೆ. ಇಲ್ಲಿ ಚೆನ್ನಾಗಿ ನೋಡ್ಕೊಳ್ತಾರೆ, ನೆರಳಿದೆ, ದಿನಾ ಎರಡು ಹೊತ್ತು ಹೊರಗೆ ಬಿಡ್ತಾರೆ ಅಂತ ಎಲ್ಲಾ ಹೇಳಿದ್ರು.”

ಭವಾನಿಗೆ ಅಚ್ಚರಿಯಾಯಿತು. ಅವಳ ಗಂಡ ಬಸವಲಿಂಗಪ್ಪನವರು ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಕೇಳಿದವರಿಗೂ ಕೇಳದವರಿಗೂ ಸಲಹೆ ಕೊಡುವುದು ಅವರ ಹಳೆಯ ಚಾಳಿ. ಯಾವ ಹಲ್ಲಿನ ಡಾಕ್ಟರು ಒಳ್ಳೆಯವನು, ಯಾವ ಗಿರಣಿಯಲ್ಲಿ ಜೋಳ ನುಣ್ಣಗೆ ಬೀಸುತ್ತಾರೆ ಎಂಬುದನ್ನು ಲಿಫ್ಟು ನೆಲ ಮುಟ್ಟುವುದರೊಳಗೆ ಹೇಳಿ ಮುಗಿಸಬಲ್ಲರು. ಆದರೆ ಊರಾಚೆಯ ಈ ನಾಯಿ ಹಾಸ್ಟೆಲ್ಲು ಅವರಿಗೆ ಹೇಗೆ ಗೊತ್ತು? ತಮ್ಮ ಮನೆಯಲ್ಲಿ ನಾಯಿ ಇಲ್ಲದೆ ವರ್ಷವಾಯಿತು.

ಇದ್ದ ನಾಯಿಯ ಹೆಸರು ಪುಠಾಣಿ. ಹುರಿಗಡಲೆಯ ಬಣ್ಣವೇ ಅದರ ಬಣ್ಣವಾಗಿದ್ದರಿಂದ ಭವಾನಿ ತನ್ನ ಊರ ಕಡೆಯ ಮಾತಿನಲ್ಲಿ ಹಾಗೆ ಕರೆದಿದ್ದಳು. ಹೈದರಾಬಾದಿನ ತಾರ್ನಾಕದ ಹಳೆಯ ಮನೆಯ ಗೇಟಿನೊಳಗೆ ಮರಿಯಾಗಿ ನುಗ್ಗಿ, ಈಗಿನ ಗಚ್ಚಿಬೌಲಿಯ ಫ್ಲ್ಯಾಟಿಗೂ ಜೊತೆಯಲ್ಲೇ ಬಂದ, ಬಲಗಿವಿಯ ತುದಿ ಹರಿದ ಬೀದಿ ನಾಯಿ. ರಾತ್ರಿ ಭವಾನಿಯ ಸೀರೆಯ ಸೆರಗಿನ ತುದಿ ಮೂಗಿಗೆ ತಾಗಿದರೇ ಅದಕ್ಕೆ ನಿದ್ದೆ. ಕಳೆದ ಬೇಸಿಗೆಯಲ್ಲಿ ಮಗ ಶ್ರೀಹರ್ಷ ಪುಣೆಯಿಂದ ಬಂದಾಗ ಮೊಮ್ಮಗ ಅಪೂರ್ವ ಮಲಗಿದ್ದ ಮುದಿನಾಯಿಯ ಕಿವಿ ಹಿಡಿದು ಜಗ್ಗಿದ. ಅದು ಬೆಚ್ಚಿಬಿದ್ದು ಹಲ್ಲು ಹಾಕಿತು. ಕೂಸಿನ ಕೆನ್ನೆಯ ಮೇಲೆ ರಕ್ತ ಕಂಡದ್ದೇ ತಡ, ಭವಾನಿಗೆ ಮೈಮೇಲಿನ ಪರಿವೆ ಉಳಿಯಲಿಲ್ಲ.

“ಇವತ್ತ ಇದನ್ನ ಮುಗಿಸಿ ಬರ್ರಿ! ಇದು ಇದ್ದ ಮನಿಯಾಗ ನಾ ಇರಂಗಿಲ್ಲ!” ಎಂದು ಕಿರುಚಿದ್ದಳು.

ಬಸವಲಿಂಗಪ್ಪನವರು ಕಾರಿನ ಹಿಂದಿನ ಬಾಗಿಲು ತೆಗೆದರು. ಪುಠಾಣಿ ಎಂದಿನಂತೆ ಎಡಗಡೆಯ ಕಿಟಕಿಯ ಅರ್ಧ ಇಳಿಸಿದ ಗಾಜಿನ ಮೇಲೆ ಗದ್ದವಿಟ್ಟು, ತಿರುಗಾಟಕ್ಕೆ ಹೊರಟ ಖುಷಿಯಲ್ಲೇ ಹೋಯಿತು. ಸಂಜೆ ಅವರೊಬ್ಬರೇ ಬಂದು ಅದರ ಕೊರಳಪಟ್ಟಿಯನ್ನು ಟೀಪಾಯಿಯ ಮೇಲಿಟ್ಟರು. “ಸೂಜಿ ಮಾಡಿಸಿದೆ. ನಿದ್ದಿ ಹತ್ತಿದಂಗ ಹೋತು,” ಅಂದರು.

ಕೂಸಿನ ಗಾಯ ವಾರದೊಳಗೆ ಮಾಯಿತು. ಭವಾನಿಯದು ಮಾಯಲಿಲ್ಲ. ಕಾರಿನ ಆ ಕಿಟಕಿಯನ್ನು ಅವಳು ಏರಿಸಿಬಿಟ್ಟಳು, ಮತ್ತೆ ಯಾರಿಗೂ ಇಳಿಸಲು ಬಿಡಲಿಲ್ಲ. ಅದೂ ಸಾಲದೆಂಬಂತೆ ಮರೆವಿನ ಕಾಟ ಬೇರೆ ಶುರುವಾಯಿತು. ಮಾಸಿದ ಬಟ್ಟೆಯ ಬುಟ್ಟಿಗೆ ಹಾಕಿದ ಸೀರೆ ಮಾಯವಾಗುತ್ತಿತ್ತು. ವಾರ ಬಿಟ್ಟು ಅದೇ ಬುಟ್ಟಿಯಲ್ಲಿ ಪ್ರತ್ಯಕ್ಷವಾಗುತ್ತಿತ್ತು. ಮೊದಮೊದಲು ಕೆಲಸದವಳ ಮೇಲೆ ಹರಿಹಾಯ್ದಳು, ಆಮೇಲೆ ತನ್ನ ತಲೆಯ ಮೇಲೆಯೇ ಅನುಮಾನ ಬಂತು. “ನೀನ ಎಲ್ಲೆರ ಇಟ್ಟಿರತಿ. ಮರವು ಭಾಳ ಆಗೈತಿ ನಿನಗ,” ಎಂದು ಗಂಡ ಹೇಳಿದಾಗಿನಿಂದ, ಇಲ್ಲಿಯ ಸಂತೆಯಲ್ಲಿ ಸರಸ್ವತಿ ಆಕು ಎಂದು ಮಾರುವ ಒಂದೆಲಗವನ್ನು ತಂದು ದಿನವೂ ಚಟ್ನಿ ಅರೆಯುತ್ತಿದ್ದಳು. ಒಮ್ಮೆ ಹಾಗೆ ತಿರುಗಿ ಬಂದ ಸೀರೆಯಲ್ಲಿ ಹುರಿಗಡಲೆ ಬಣ್ಣದ ಕೂದಲು ಸಿಕ್ಕಿತು. ಸತ್ತರೂ ಅದು ಈ ಮನೆ ಬಿಟ್ಟು ಹೋಗಿಲ್ಲವಲ್ಲ ಎಂದು ವಾಷಿಂಗ್ ಮಶಿನ್ನಿನ ಮುಂದೆ ಕೂತು ಅತ್ತಿದ್ದಳು. ಬಸವಲಿಂಗಪ್ಪನವರು ಪೇಪರು ಹಿಡಿದುಕೊಂಡು ಪಕ್ಕದಲ್ಲೇ ಹಾದು ಹೋಗಿದ್ದರು.

ನೀಲಿ ಗೇಟು ತೆಗೆದವಳು ಕೃಷ್ಣಾಬಾಯಿ, ಬೀದರಿನ ಕಡೆಯ ಗಟ್ಟಿಮುಟ್ಟಾದ ಹೆಂಗಸು. ಬಂದವರು ಕನ್ನಡದವರು ಎಂದು ಗೊತ್ತಾಗಿದ್ದೇ ಮುಖ ಅರಳಿಸಿದಳು. ಲಡ್ಡುವಿನ ಬೆನ್ನು ಸವರಿ, “ಮನ್ಯಾಗ ಇದು ಯಾರಿಗಿ ಭಾಳ ಹಚ್ಕೊಂಡದ? ಅವ್ರು ತೊಟ್ಟಿದ್ದು ಒಂದು ಬಟ್ಟಿ ಕೊಡ್ರಿ. ಒಗದದ್ದು ನಡ್ಯಲ್ಲ ಮತ್ತ. ವಾಸನಿ ಇದ್ರನೇ ಅಳಲ್ದಂಗ ಮಲಗ್ತಾವ,” ಅಂದಳು.

ಪೂರ್ವಿ ತನ್ನ ಟೀ ಶರ್ಟೊಂದನ್ನು ಮೊದಲೇ ಚೀಲದಲ್ಲಿ ತಂದಿದ್ದಳು; ಅದನ್ನೂ ಅಂಕಲ್ಲೇ ಹೇಳಿದ್ದರಂತೆ. ಅವಳು ಲಡ್ಡುವನ್ನು ಎತ್ತಿಕೊಂಡು ಅಲ್ಲಿಯ ಡಾಕ್ಟರಿಗೆ ತೋರಿಸಲು ಒಳಗೆ ಹೋದಳು. ಭವಾನಿ ಹೊರಗೇ ನಿಂತಳು.

“ಬಟ್ಟಿ ಕೇಳೋದು ಮೊದಲ ಸಲ ನೋಡಿದೆ ನೋಡ್ರಿ,” ಅಂದಳು.

“ಅಯ್ಯ ಅಕ್ಕಾ, ಇದು ಏನೂ ಅಲ್ಲ. ಅಲ್ಲಿ ಕಡೀ ಜಾಲರಿ ಮನ್ಯಾಗ ಒಬ್ಬ ಮುದುಕ ಇದ್ದಾನ ನೋಡ್ರಿ. ಅವನಿಗಿ ವಾರಕ್ಕೊಂದು ಸೀರಿ ಬೇಕು. ಸೀರಿ ಇಲ್ಲಂದ್ರ ಅನ್ನ ಮೂಸಲ್ಲ!”

ಭವಾನಿ ನಗುನಗುತ್ತಲೇ ಹೋಗಿ ಜಾಲರಿಯೊಳಗೆ ಬಗ್ಗಿ ನೋಡಿದಳು. ಮೊದಲು ಕಂಡದ್ದು ಸೀರೆ. ಬದನೆಕಾಯಿ ಬಣ್ಣದ ನೂಲಿನ ಸೀರೆ, ಅಂಚಿನ ಹತ್ತಿರ ಬಿಳಿ ದಾರದಲ್ಲಿ ಸೊಟ್ಟಸೊಟ್ಟಗೆ ಹಾಕಿದ ಹೊಲಿಗೆ. ಆ ಹೊಲಿಗೆ ಅವಳದೇ. ಅಷ್ಟು ಕೆಟ್ಟದಾಗಿ ಹೊಲಿಯುವವರು ಇಡೀ ಹೈದರಾಬಾದಿನಲ್ಲಿ ಇನ್ನೊಬ್ಬರಿರಲಿಲ್ಲ. ಕಳೆದ ಶನಿವಾರವಷ್ಟೇ ಉಟ್ಟು ಬುಟ್ಟಿಗೆ ಹಾಕಿದ್ದ, ಈ ವಾರವೆಲ್ಲ ಹುಡುಕಿ ಹುಡುಕಿ ಸೋತಿದ್ದ ಸೀರೆ. ಯಾರು ಕದ್ದು ತಂದು ಇಲ್ಲಿ ಹಾಸಿದರು ಎಂದು ಅವಳಿಗೆ ಸಿಟ್ಟು ಬರುವ ಹೊತ್ತಿಗೆ ಸೀರೆಯ ಮೇಲೆ ಮುದುಡಿ ಮಲಗಿದ್ದದ್ದು ತಲೆ ಎತ್ತಿತು.

ಹುರಿಗಡಲೆ ಬಣ್ಣ. ತುದಿ ಹರಿದ ಬಲಗಿವಿ.

ಭವಾನಿ ಜಾಲರಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಮಾವಾಸ್ಯೆಗೊಮ್ಮೆ ಯಾವುದರ ಹೆಸರಿನಲ್ಲಿ ಬೀದಿ ನಾಯಿಗಳಿಗೆಲ್ಲ ಮೊಸರನ್ನ ಹಾಕಿ ಕೈಮುಗಿಯುತ್ತಿದ್ದಳೋ ಅದು ಅವಳ ಕಣ್ಣೆದುರಿಗೇ ಕೂತು ಕಿವಿ ಕೆರೆದುಕೊಳ್ಳುತ್ತಿತ್ತು.

ಕೃಷ್ಣಾಬಾಯಿ ಹಿಂದಿನಿಂದ ತನ್ನ ಪಾಡಿಗೆ ತಾನು ಹೇಳುತ್ತಲೇ ಇದ್ದಳು. “ಇದರ ಸಾಹೇಬ್ರು ಭಾಳ ಛಲೋ ಮನುಷ್ಯಾರ್ರಿ. ಪ್ರತಿ ಐತಾರ ತಪ್ಪಸಲ್ಲ. ಇದರ ಸಂಗಟ ನೆಲದ ಮ್ಯಾಲೆ ಕುಂತು ಮಾತಾಡ್ತಾರ. ಹಳೀ ಸೀರಿ ಒಯ್ತಾರ, ಬ್ಯಾರೆದು ಕೊಡ್ತಾರ. ಮನಿಗಿ ಯಾಕ ಒಯ್ಯಲ್ರಿ ಅಂತ ನಾ ಒಂದಿನ ಕೇಳಿದೆ. ಏನು ಮಾಡ್ಲಿ ಬಾಯಿ, ಮನಿಯಾಕಿ ತೀರ್ಕೊಂಡಾಳ, ಇದನ್ನ ನೋಡೋರು ಯಾರಿಲ್ಲ ಅಂದ್ರು.”

“ಏನಂದ್ರು?”

“ಹೆಣ್ತಿ ಸತ್ತಾಳಂತ್ರಿ, ಪಾಪ. ಆಕಿ ಸೀರಿ ಒಂದೂ ಒಗೀಲ್ದ ಕಪಾಟ ತುಂಬ ಇಟ್ಟಾರ ಕಾಣ್ತದ. ಇಂಥಾ ಗಂಡ ಯಾರಿಗಿ ಸಿಗ್ತಾನ ಹೇಳ್ರಿ?”

ನಾನು ಬದುಕಿದ್ದೇನೆ ಎಂದು ಗುರುತು ಪರಿಚಯವಿಲ್ಲದವಳಿಗೆ ಹೇಗೆ ಹೇಳುವುದು? ಹೇಳಿದರೂ ನಂಬುವಂಥ ಮಾತೇ ಅದು? ಭವಾನಿ ಮೆಲ್ಲಗೆ ಕುಕ್ಕರುಗಾಲಲ್ಲಿ ಕೂತು, ಜಾಲರಿಯ ಸಂದಿಯಲ್ಲಿ ಬೆರಳು ತೂರಿಸಿ, “ಪುಠಾಣಿ,” ಎಂದು ಕರೆದಳು. ಅವಳ ದನಿ ಅವಳಿಗೇ ಗುರುತು ಸಿಗದಷ್ಟು ಒಡೆದಿತ್ತು.

ನಾಯಿಯ ಕಣ್ಣುಗಳಿಗೆ ಪೊರೆ ಬಂದಿತ್ತು. ಅದು ಕಷ್ಟಪಟ್ಟು ಎದ್ದು, ಗೋಡೆಗೆ ಮೈ ತಾಗಿಸಿಕೊಂಡು ಬಂದು ಅವಳ ಬೆರಳುಗಳನ್ನು ಮೂಸಿತು. ಬೆರಳಿಗೆಲ್ಲ ದಾರಿಯುದ್ದಕ್ಕೂ ಹಿಡಿದುಕೊಂಡು ಬಂದ ಲಡ್ಡುವಿನ ವಾಸನೆ, ಅದರ ಶಾಂಪೂ ವಾಸನೆ. ಗಂಟಲಲ್ಲೇ ಒಮ್ಮೆ ಗುರ್ರೆಂದು, ತಿರುಗಿ ಹೋಗಿ, ಸೀರೆಯ ಮೇಲೆ ಒಂದು ಸುತ್ತು ಹಾಕಿ ಮಲಗಿತು. ಮೂಗನ್ನು ಬದನೆಕಾಯಿ ಬಣ್ಣದ ಮಡಿಕೆಯೊಳಗೆ ತೂರಿಸಿ ಕಣ್ಣು ಮುಚ್ಚಿತು.

“ಬ್ಯಾರೆದವರ ಹತ್ರ ಬರಲ್ರಿ ಅದು,” ಎಂದಳು ಕೃಷ್ಣಾಬಾಯಿ. “ಅದರ ಹೆಸರು ನಿಮಗ ಹ್ಯಾಂಗ ಗೊತ್ತು?”

“ಕೇಳಿದ್ದೆ,” ಅಂದಳು ಭವಾನಿ.

ಕೈ ತೊಳೆದುಕೊಂಡು ಇನ್ನೊಮ್ಮೆ ಕರೆಯಬೇಕೆಂದು ನಲ್ಲಿ ಹುಡುಕುವಷ್ಟರಲ್ಲಿ ಪೂರ್ವಿ ವಿಮಾನಕ್ಕೆ ಹೊತ್ತಾಯಿತೆಂದು ಓಡಿ ಬಂದಳು. ವಾಪಸು ಬರುವಾಗ “ಯಾಕಾಂಟಿ ಸುಮ್ಮನಾಗ್ಬಿಟ್ರಿ?” ಎಂದು ಕೇಳಿದ್ದಕ್ಕೆ ಬಿಸಿಲಿಗೆ ತಲೆನೋವು ಎಂದಳು. ನಾಯಿ ಬದುಕಿದೆ ಎಂಬ ಸಂತೋಷ ಉಕ್ಕಿ ಬರುತ್ತಿತ್ತು, ಅದರ ಬೆನ್ನಿಗೇ ಸಿಟ್ಟು ಬಂದು ಅದನ್ನು ಒತ್ತುತ್ತಿತ್ತು. ಒಂದು ವರ್ಷ! ಒಂದು ಜೀವ ತೆಗೆಸಿದ ಪಾಪಿ ತಾನು ಎಂದು ಅವಳು ಒಳಗೊಳಗೇ ಸವೆದದ್ದನ್ನು ಆ ಮನುಷ್ಯ ದಿನವೂ ನೋಡಿದ್ದ. ಅವಳ ಬುದ್ಧಿ ಕೆಡುತ್ತಿದೆ ಎಂದು ಅವಳನ್ನೇ ನಂಬಿಸಿ, ಒಂದೆಲಗದ ಚಟ್ನಿಯನ್ನು ರೊಟ್ಟಿಗೆ ಹಚ್ಚಿಕೊಂಡು ಉಂಡಿದ್ದ. ಭಾನುವಾರ ಹಿಮಾಯತ್‌ನಗರದಲ್ಲಿ ಹಳೆಯ ಸಹೋದ್ಯೋಗಿ ಗೊಲ್ಲಾಳಪ್ಪನ ಮನೆಯ ಇಸ್ಪೀಟು ಎಂದು ಹೋಗುತ್ತಿದ್ದದ್ದೂ ಇದಕ್ಕೇ. ಎಂದೂ ಸೋಲದೆ ಎಂದೂ ಗೆಲ್ಲದೆ ಬರುವ ಇಸ್ಪೀಟು ಅದೆಂಥದ್ದು ಎಂದು ತಾನೂ ಕೇಳಲಿಲ್ಲವಲ್ಲ!

ಸುಳ್ಳು ಹೇಳಿ ನಾಯಿಯನ್ನು ಉಳಿಸಿದ್ದಕ್ಕೆ ಅವಳು ಬೇಕಾದರೆ ಗಂಡನ ಕಾಲು ಮುಟ್ಟಿ ನಮಸ್ಕಾರ ಮಾಡಿಯಾಳು. ಆದರೆ ತನ್ನನ್ನು ಯಾಕೆ ಸಾಯಿಸಿದರು? ಊರಿಗೆ ಹೋಗಿದ್ದಾಳೆ ಎನ್ನಬಹುದಿತ್ತು, ಕಾಯಿಲೆ ಎನ್ನಬಹುದಿತ್ತು. ಬಾಯಿಗೆ ಬಂದ ಸುಳ್ಳೋ, ಇಲ್ಲ ಆ ದಿನ ಅವಳು ಕಿರುಚಿದಾಗಲೇ ಅವರ ಪಾಲಿಗೆ ಅವಳು ಹೋಗಿಬಿಟ್ಟಿದ್ದಳೋ? ಇದೊಂದು ಅವಳಿಗೆ ಗೊತ್ತಾಗಬೇಕಿತ್ತು.

ಪೂರ್ವಿಯ ಜೊತೆ ಹೋಗಿ ಬಂದದ್ದನ್ನು ಅವಳು ಗಂಡನಿಗೆ ಹೇಳಲಿಲ್ಲ. ಮರುದಿನ ತಿಂಡಿಯ ಹೊತ್ತಿಗೆ ಅವಳು ತಾಟು ಇಡುತ್ತ ಕೇಳಿದಳು. “ನನ್ನ ಬದನಿಕಾಯಿ ಬಣ್ಣದ ಸೀರಿ ಕಂಡೀರೇನ್ರೀ?”

ಬಸವಲಿಂಗಪ್ಪನವರು ರೊಟ್ಟಿ ಮುರಿಯುತ್ತ, ತಲೆ ಸಹ ಎತ್ತದೆ, “ಎಲ್ಲೆರ ಇಟ್ಟಿರತಿ ತಗೋ. ಮರವು ಭಾಳ ಆಗೈತಿ ನಿನಗ,” ಅಂದರು. ಆಮೇಲೆ ಇನ್ನಷ್ಟು ಚಟ್ನಿ ಕೇಳಿದರು.

ಭವಾನಿ ಬಡಿಸಿದಳು. ಇಷ್ಟು ಸಲೀಸಾಗಿ ಸುಳ್ಳಾಡುವ ಈ ಮನುಷ್ಯನ ಜೊತೆ ತಾನು ಇಷ್ಟು ಕಾಲ ಸಂಸಾರ ಮಾಡಿದೆನೇ ಎಂದು ಅವರ ಬೋಳುತಲೆಯನ್ನು ಮೊದಲ ಸಲ ನೋಡುವವಳಂತೆ ನೋಡುತ್ತ ನಿಂತಳು.

ಭಾನುವಾರ ಬಂತು. ಸ್ನಾನ ಮಾಡಿ ಒಗೆದ ಸೀರೆ ಉಡದೆ ಹಾಲಿನ ಪಾಕೀಟು ಎತ್ತಿಕೊಳ್ಳಲೂ ಹೊಸಿಲು ದಾಟದವಳು ಭವಾನಿ. ಅಂದು ಅವಳು ಸ್ನಾನ ಮಾಡಲಿಲ್ಲ. ಶನಿವಾರ ಇಡೀ ದಿನ ಅಡಿಗೆ ಮಾಡಿ, ಬೆವರಿ, ಉಟ್ಟುಕೊಂಡೇ ಮಲಗಿದ್ದ ಹಸಿರು ಸೀರೆಯಲ್ಲಿ ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಬಸವಲಿಂಗಪ್ಪನವರು ಬಟ್ಟೆಯ ಚೀಲ ಹಿಡಿದುಕೊಂಡು ಕಳ್ಳಹೆಜ್ಜೆಯಲ್ಲಿ ಬಾಲ್ಕನಿಗೆ ಹೋಗಿ ಬುಟ್ಟಿಯ ಮುಚ್ಚಳ ತೆಗೆದರು. ಬುಟ್ಟಿ ಖಾಲಿ ಇತ್ತು. ಕೈ ಹಾಕಿ ತಳದವರೆಗೂ ತಡಕಾಡಿದರು.

“ಏನು ಹುಡಕಾಕತ್ತೀರಿ?”

ಅವರು ಬೆಚ್ಚಿಬಿದ್ದರು. “ಏನಿಲ್ಲ… ನನ್ನದೊಂದು ಅಂಗಿ ಹಾಕಿದ್ದೆ. ಗೊಲ್ಲಾಳಪ್ಪ ಕಾಯಾಕತ್ತಿರತಾನ…”

“ಅಂಗಿ ನಿಮ್ಮ ಮೈಮ್ಯಾಲ ಐತಿ. ಮರವು ಭಾಳ ಆಗೈತಿ ನಿಮಗ,” ಅಂದಳು ಭವಾನಿ. “ಸೀರಿನೂ ಇನ್ನಾ ನನ್ನ ಮೈಮ್ಯಾಲ ಐತಿ. ಒಗೆದಿಲ್ಲ.”

ಮುಚ್ಚಳ ಕೈಜಾರಿ ನೆಲದ ಮೇಲೆ ಬಿದ್ದು ಗಿರಗಿರ ತಿರುಗಿತು.

“ಇವತ್ತ ಬರೀ ಸೀರಿ ಬ್ಯಾಡ. ಸತ್ತಾಕಿನೂ ಬರ್ತಾಳ, ನಡೀರಿ.”

ಬಸವಲಿಂಗಪ್ಪನವರು ಕುರ್ಚಿಯ ಬೆನ್ನು ಹುಡುಕಿ ಹಿಡಿದುಕೊಂಡರು. “ಭವಾನಿ, ಆವತ್ತು ನೀ… ಆವತ್ತು ನಿನ್ನ ಮಾರಿ ನೋಡಿ ನಾ…” ಎಂದರು. ಜಗತ್ತಿಗೆಲ್ಲ ಸಲಹೆ ಕೊಡುವ ಮನುಷ್ಯ, ಮಾತು ಸಿಗದೆ ಖಾಲಿ ಚೀಲವನ್ನು ಮಡಿಚಿ ಬಿಚ್ಚಿ ಮಡಿಚುತ್ತ ನಿಂತರು. ಅವರ ಕಣ್ಣು ತುಂಬಿತ್ತು. ಅವಳಿಗೆ ಗೊತ್ತಾಗಬೇಕಾಗಿದ್ದದ್ದು ಗೊತ್ತಾಯಿತು. ಅದು ಬಾಯಿಗೆ ಬಂದ ಸುಳ್ಳಾಗಿರಲಿಲ್ಲ.

ಭವಾನಿ ಚಪ್ಪಲಿ ಮೆಟ್ಟಿದಳು. ಬಾಚದ ತಲೆಯಲ್ಲೇ, ಮುದುಡಿದ ಸೀರೆಯಲ್ಲೇ ಲಿಫ್ಟು ಇಳಿದಳು. ಗುರುತಿನವರು ಇಬ್ಬರು ಅವಳನ್ನು ಮೇಲಿಂದ ಕೆಳಗೆ ನೋಡಿದರು. ಅವಳು ಲಕ್ಷ್ಯ ಕೊಡಲಿಲ್ಲ. ಕೈಯನ್ನೂ ತೊಳೆದಿರಲಿಲ್ಲ, ನಿನ್ನೆ ರಾತ್ರಿ ಹಾಕಿದ ಒಗ್ಗರಣೆಯ ವಾಸನೆ ಇನ್ನೂ ಬೆರಳಲ್ಲಿ ಇತ್ತು.

ಹಳೆಯ ಮಾರುತಿಯಲ್ಲಿ ಬಸವಲಿಂಗಪ್ಪನವರು ಬಂದು ಕೂರುವಾಗ ಅವಳು ಆಗಲೇ ಹಿಂದಿನ ಸೀಟಿನಲ್ಲಿದ್ದಳು. ಅವರು ಕನ್ನಡಿಯಲ್ಲಿ ಅವಳನ್ನು ನೋಡಿ ಚಾವಿ ತಿರುಗಿಸಿದರು. ಭವಾನಿ ಎಡಗಡೆಯ ಕಿಟಕಿಯ ಹಿಡಿಕೆಗೆ ಕೈ ಹಾಕಿದಳು. ವರ್ಷದಿಂದ ಯಾರೂ ಮುಟ್ಟದ್ದು, ಬಿಗಿದುಕೊಂಡಿತ್ತು. ಎರಡೂ ಕೈ ಸೇರಿಸಿ ತಿರುವಿದಳು. ಗಾಜು ಕಿರುಗುಟ್ಟುತ್ತ ಇಳಿದು ಅರ್ಧಕ್ಕೆ ಬಂದು ನಿಂತಿತು. ಅಷ್ಟೇ ಸಾಕು ಎಂದು ಅವಳು ಕೈ ಬಿಟ್ಟಳು.