ಮೇಲಿನ ಮನೆಯವಳ ಪಾಲು

ಗುಡ್ರುನ್ ಅವರ ಮನೆ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಟ್ರಾಮ್ ಕೊನೆಯಾಗುವ ಕಡೆ, ನಾಲ್ಕನೇ ಮಹಡಿಯಲ್ಲಿ. ಅದರ ಮೇಲೆ ಚಾವಣಿ ಮಾತ್ರ. ಎಂಬತ್ತು ದಾಟಿದ ಅವರಿಗೆ ಮಧ್ಯಾಹ್ನದ ಊಟ ಬಿಸಿಮಾಡಿ ಕೊಟ್ಟು, ಅಡುಗೆಮನೆಯ ಪುಸ್ತಕದಲ್ಲಿ ಬರೆದಿಡುವುದು ನನ್ನ ಕೆಲಸ. ಬಂದ ಸಮಯ, ಅವರು ತಿಂದದ್ದು, ಹೇಳಿದ್ದು. ಆ ಪುಟದ ಫೋಟೊವನ್ನು ದಿನವೂ ನನ್ನನ್ನು ಕೆಲಸಕ್ಕಿಟ್ಟ ಕಚೇರಿಗೆ ಕಳಿಸಬೇಕು. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟ ನನಗೆ ಮಾತು ಕಡಿಮೆ, ಸ್ವೀಡಿಷ್ ಇನ್ನೂ ಕಡಿಮೆ. ಆದರೆ ನೋಡಿದ್ದನ್ನು ಬಿಡದೆ ಬರೆಯುತ್ತಿದ್ದೆ.

ಅಕ್ಟೋಬರಿನಲ್ಲಿ ಅವರು ಊಟ ಬಿಡತೊಡಗಿದರು. ತಟ್ಟೆಯನ್ನು ಮೇಜಿನ ಆಚೆ ಬದಿಗೆ ಸರಿಸಿ, ಮೇಲಿನ ಮನೆಯವಳು ಬರುತ್ತಾಳೆ, ಅವಳಿಗಿರಲಿ ಎನ್ನುತ್ತಿದ್ದರು. ಮೊದಲ ದಿನ ನಾನು ತಲೆಯೆತ್ತಿ ಚಾವಣಿ ನೋಡಿದೆ. ಆ ಮಾತು ನನಗೆ ಸರಿಯಾಗಿ ಅರ್ಥವಾಯಿತೋ ಇಲ್ಲವೋ ಎಂದು, ಊಟ ಉಳಿಯಿತೆಂದಷ್ಟೇ ಬರೆಯುತ್ತಿದ್ದೆ.

ಅವರ ಉಂಗುರ ಬೆರಳಿನಿಂದ ಜಾರತೊಡಗಿದಾಗ, ನನ್ನ ಸ್ಟೀಲ್ ಡಬ್ಬಿಯಲ್ಲಿ ತಿಳಿಸಾರು ಕಲಸಿದ ಅನ್ನ ಒಯ್ದೆ. ನಾಲ್ಕು ಚಮಚ ತಿಂದರು. ಆಮೇಲೆ ಅವಳು ಯಾರೆಂದು ಹೇಳಿದರು.

ಅವರದು ಪೂರ್ವ ಜರ್ಮನಿಯ ರೋಸ್ಟಾಕ್. ಅಲ್ಲಿ ಮೇಲಿನ ಮನೆಯ ರೆನಾಟೆ ಅವರ ಗೆಳತಿ. ಗುಡ್ರುನ್ ಅವಳಿಗೆ ಸೂಪ್ ಒಯ್ಯುತ್ತಿದ್ದರು. ಕೆಳಗಿಳಿದು ಬಂದು, ಅಲ್ಲಿ ಯಾರಿದ್ದರು, ಏನು ಮಾತಾಡಿದರು ಎಂದು ಬರೆದು ಗುಪ್ತ ಪೊಲೀಸರಿಗೆ ಕೊಡುತ್ತಿದ್ದರು. ರೆನಾಟೆಯ ಮಗ ಎರಡು ವರ್ಷ ಜೈಲಿನಲ್ಲಿದ್ದ. ಆಮೇಲೆ ಗೋಡೆ ಬಿತ್ತು, ಆ ದೇಶವೇ ಇಲ್ಲವಾಯಿತು, ಹಡಗುಕಟ್ಟೆಯಲ್ಲಿ ಗುಡ್ರುನ್‌ಗಿದ್ದ ಕೆಲಸವೂ ಹೋಯಿತು. ಗುಪ್ತ ಪೊಲೀಸರ ಕಡತಗಳು ಮಾತ್ರ ಉಳಿದವು. ತಮ್ಮ ತಮ್ಮ ಕಡತ ಓದಬಹುದೆಂದು ಹೊಸ ಸರ್ಕಾರ ಹೇಳಿದಾಗ ರೆನಾಟೆ ಹೋಗಿ ಓದಿ ಬಂದಳು. ಬೈಯಲಿಲ್ಲ. ಮರುದಿನ ಗುಡ್ರುನ್ ಬಾಗಿಲೆದುರು ಸೂಪಿನ ಬಟ್ಟಲು ಇತ್ತು, ತೊಳೆದು, ಒರೆಸಿ. ಅದೇ ವಾರ ಗುಡ್ರುನ್ ಹಡಗು ಹತ್ತಿ ಸ್ವೀಡನ್ನಿಗೆ ಬಂದರು.

"ನಾನು ಒಂದೂ ಸುಳ್ಳು ಬರೀಲಿಲ್ಲ," ಎಂದರು. "ಎಲ್ಲಾ ನಿಜಾನೇ."

ಆಮೇಲೆ ನನ್ನ ಪುಸ್ತಕದ ಮೇಲೆ ಕೈಯಿಟ್ಟರು. "ಅವಳ ವಿಷಯ ಇದರಲ್ಲಿ ಬರೀಬೇಡ. ಬರೆದ್ರೆ ನನ್ನನ್ನ ವೃದ್ಧಾಶ್ರಮಕ್ಕೆ ಹಾಕ್ತಾರೆ. ಅಲ್ಲಿ ಅವಳು ನನ್ನ ಹೇಗೆ ಹುಡುಕ್ತಾಳೆ?"

ಆ ದಿನ ಅವಳ ವಿಷಯ ಬರೆಯಲಿಲ್ಲ. ಡಬ್ಬಿಯನ್ನು ಅಲ್ಲೇ ಬಿಟ್ಟು ಬಂದೆ. ಮನೆಯಲ್ಲಿ ನನ್ನ ಗಂಡ ಹರ್ಷನಿಗೆ ಹೇಳಿದರೆ ನಕ್ಕ.

"ಬರಿಯೋದೇ ನಿನ್ ಕೆಲ್ಸ ಕಣೆ. ನೀನೇನ್ ಸಿಐಡಿನಾ, ಅಷ್ಟ್ ಯೋಚ್ನೆ ಮಾಡೋಕೆ? ನಾಳೆ ಅವ್ರು ಬಿದ್ದೋದ್ರೆ ಕೇಳೋದು ನಿನ್ನನ್ನೇ."

ಅವನ ಮಾತು ಸರಿಯಾಗಿಯೇ ಇತ್ತು. ಮರುದಿನ ಗುಡ್ರುನ್ ಏನೂ ತಿನ್ನಲಿಲ್ಲ, ನೀರಿನ ಲೋಟವನ್ನೂ ಆಚೆ ಸರಿಸಿದರು. ಅವರು ಮಂಚಕ್ಕೆ ಹೋದ ಮೇಲೆ ನಾನು ಎಲ್ಲವನ್ನೂ ಬರೆದೆ. ಆಚೆ ಸರಿಸಿದ ತಟ್ಟೆ, ಜಾರುವ ಉಂಗುರ, ಮೇಲಿನ ಮನೆಯವಳು. ಒಂದೂ ಸುಳ್ಳಿರಲಿಲ್ಲ. ಸಂಜೆ ಕಚೇರಿಯವರು ಫೋನ್ ಮಾಡಿ, ಚೆನ್ನಾಗಿ ಗಮನಿಸಿದ್ದೀಯ, ಸೋಮವಾರ ಅವರನ್ನು ವೃದ್ಧಾಶ್ರಮಕ್ಕೆ ಸೇರಿಸುತ್ತೇವೆ, ಅವರಿಗೂ ತಿಳಿಸಿದ್ದೇವೆ ಎಂದರು.

ಮರುದಿನ ನಾಲ್ಕನೇ ಮಹಡಿ ಹತ್ತಿದಾಗ ಬಾಗಿಲೆದುರು ನನ್ನ ಡಬ್ಬಿ ಇತ್ತು. ತೊಳೆದು, ಒರೆಸಿ, ಮುಚ್ಚಳ ಹಾಕಿ.

ಬೆಲ್ ಒತ್ತಿದೆ. ಬಾಗಿಲಿನ ಆಚೆ, ತೀರ ಹತ್ತಿರದಲ್ಲಿ, ಉಸಿರು ಕೇಳಿಸಿತು. ಬಾಗಿಲು ತೆರೆಯಲಿಲ್ಲ.

ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತೆ. ಆ ಮನೆಯ ಕೀಲಿ ನನ್ನ ಜೇಬಿನಲ್ಲೇ ಇತ್ತು.