ಗುಜರಿಗೆ ಹೊರಟಿದ್ದ ಕಂಪ್ಯೂಟರುಗಳು

ಮಹಾಂತೇಶ ಮಾಡಿಕೊಟ್ಟ ವೆಬ್‌ಸೈಟು ತಿಳವಳ್ಳಿ ಕೆರೆ ದಂಡೆಯ ಹೈಸ್ಕೂಲಿನ ಒಂದು ಕಂಪ್ಯೂಟರಿನಲ್ಲೂ ತೆರೆದುಕೊಳ್ಳಲಿಲ್ಲ. ಅವನು ಬೈದದ್ದು ಮಾತ್ರ ಕಂಪ್ಯೂಟರುಗಳನ್ನು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

"ಈ ಡಬ್ಬಿಗೋಳ್ನ ಗುಜರಿಗೆ ಹಾಕ್ರಿ ಸರ್. ಇನ್ನ ಹತ್ತನೇತ್ತಿ ಪಾಠೆಲ್ಲಾ ನಮ್ಮ ಸೈಟಿನ್ಯಾಗ. ಮಕ್ಕಳು ಮನ್ಯಾಗ ಫೋನಿನ್ಯಾಗ ನೋಡ್ಲಿ."

ಹಿರೇಕೆರೂರಿನಲ್ಲಿ ಆಫೀಸು, ತಲೆಯ ಮೇಲೆ ತಂಪು ಕನ್ನಡಕ. ಇಷ್ಟಿದ್ದವನ ಮಾತನ್ನು ಹೆಡ್‌ಮಾಸ್ತರ್ ಸುಭಾಸ ಸರ್ ಹೇಗೆ ತೆಗೆದುಹಾಕುತ್ತಾರೆ? ಶನಿವಾರ ಗುಜರಿಯವನನ್ನು ಕರೆಸುವುದೆಂದು ನಿಶ್ಚಯವಾಯಿತು.

ಆ ಸಂಜೆ ಹತ್ತನೇ ತರಗತಿಯ ಮಂಜುಳಾ ಅಳುಮೋರೆ ಹಾಕಿಕೊಂಡು ಮನೆಗೆ ಬಂದಳು. "ಲ್ಯಾಬ್ ಹೋದ್ರ ನಾವು ಎಲ್ಲಿ ಓದೂದಕ್ಕಾ?"

ಅಕ್ಕ ನೀಲಾಳಿಗೆ ಮೈಯೆಲ್ಲ ಉರಿಯಿತು. ಮನೆಗೆ ಇದ್ದದ್ದು ಒಂದೇ ಫೋನು. ಅದು ಬೆಳಗಿನ ಬಸ್ಸಿಗೆ ನೀಲಾಳ ಜೊತೆ ಹಾನಗಲ್ಲಿನ ಕಾಲೇಜಿಗೆ ಹೋಗುತ್ತಿತ್ತು. ಮಂಜುಳಾಳ ಗೆಳತಿಯರ ಮನೆಯ ಫೋನುಗಳು ಅಪ್ಪಂದಿರ ಜೇಬಿನಲ್ಲಿ ಗದ್ದೆಗೋ ಲಾರಿಗೋ ಹೋಗುತ್ತಿದ್ದವು. ಹುಡುಗಿಯರಿಗೆ ಉಳಿದದ್ದು ಶಾಲೆಯ ಆ ಡಬ್ಬಿಗಳೇ.

ಮರುದಿನ ಬಸ್ಸಿನಲ್ಲಿ ನೀಲಾ ಮಹಾಂತೇಶನ ಸೈಟು ತೆರೆದಳು. ಒಂದು ಭೂಗೋಳ ಗಿರಗಿಟ್ಲೆಯಂತೆ ತಿರುಗಿತು. ಮೇಲಿನಿಂದ ಹೂವಿನ ಪಕಳೆ ಉದುರಿದವು. ಲ್ಯಾಪ್‌ಟಾಪು ಅಪ್ಪಿಕೊಂಡು ಯಾವುದೋ ದೇಶದ ಹುಡುಗಿ ಹಲ್ಲು ಕಿರಿದಳು. ಹೆಡ್‌ಮಾಸ್ತರರ ಫೋಟೋ ಬಾಗಿಲಗಲ ಬಂತು. ಪಾಠ? ಮದುವೆಗೆ ಬ್ಯಾಂಡಿನವರೆಲ್ಲ ಬಂದು ಮದುಮಗನೊಬ್ಬ ಬರದೆ ಉಳಿದಂತೆ! ಹಾನಗಲ್ಲು ಮುಟ್ಟುವತನಕ ಕಾದು, ಆ ಪುಟವನ್ನು ತುದಿತನಕ ನೋಡಿದ ಪುಣ್ಯಾತ್ಗಿತ್ತಿ ಊರಿನಲ್ಲಿ ಅವಳೊಬ್ಬಳೇ.

"ಥೂ, ಇವನ ಜ್ಞಾನಕ್ಕಷ್ಟು ಬೆಂಕಿ ಹಾಕ!" ಅಂದವಳೇ ಅದೇ ಫೋನಿನಲ್ಲಿ ಹೆಬ್ಬೆರಳು ಓಡಿಸಿ, ಕಾಲೇಜಿನಲ್ಲಿ ಕಲಿತ ಹಾಗೆ ತನ್ನದೊಂದು ಪುಟ ಬರೆಯತೊಡಗಿದಳು. ಪ್ರಶ್ನೆ, ಅದರ ಕೆಳಗೆ ಉತ್ತರ, ಕೊನೆಗೆ 'ಮುಂದಿನದು' ಎಂಬ ಕೊಂಡಿ. ಚಿತ್ರವಿಲ್ಲ, ಕುಣಿತವಿಲ್ಲ. ಹಳೆಯ ಕಂಪ್ಯೂಟರಿಗೆ 'https' ಎಂಬ ಬೀಗ ಹಾಕಿದ ಈಗಿನ ವಿಳಾಸಗಳು ತೆರೆಯುವುದಿಲ್ಲವೆಂದು ಬೀಗವಿಲ್ಲದ ಹಳೇ ನಮೂನೆಯ ವಿಳಾಸದಲ್ಲಿಟ್ಟಳು.

ಉಳಿದದ್ದು ಅಕ್ಷರದ ತಕರಾರು. ಈಗಿನ ಕನ್ನಡ ಆ ಕಂಪ್ಯೂಟರುಗಳಲ್ಲಿ ಬರೀ ಚೌಕ ಚೌಕವಾಗಿ ಕಾಣುತ್ತಿತ್ತು. ಆದರೆ ಪ್ರಶ್ನೆಪತ್ರಿಕೆ ಟೈಪು ಮಾಡಲು ಹಿಂದೊಮ್ಮೆ ಎಲ್ಲದರಲ್ಲೂ ನುಡಿ ಫಾಂಟು ಹಾಕಿದ್ದರು. ನೀಲಾ ತಾನು ಬರೆದದ್ದನ್ನೆಲ್ಲ ನುಡಿಗೆ ತಿರುಗಿಸಿದಳು. ತಿರುಗಿಸಿದ ಮೇಲೆ, ಆ ಫಾಂಟಿಲ್ಲದ ಫೋನಿನಲ್ಲಿ ಕಂಡದ್ದು ಕೊಂಬು, ಬಾಲ ಬಂದ ಇಂಗ್ಲಿಷ್ ಅಕ್ಷರಗಳ ಹಿಂಡು. ಬರೆದವಳಿಗೇ ಓದಲು ಬಾರದು.

ಶನಿವಾರ ಸವಣೂರಿನ ಗುಜರಿ ಮುಸ್ತಾಕನ ಟೆಂಪೊ ಗೇಟಿಗೆ ಬಂದು ನಿಂತಿತು. ನೀಲಾ ಕಾಲೇಜು ತಪ್ಪಿಸಿ ಲ್ಯಾಬಿಗೆ ಓಡಿದಳು. ಅಲ್ಲಿ ಹೆಡ್‌ಮಾಸ್ತರರ ಜೊತೆಗಿದ್ದ ಮಹಾಂತೇಶ ಅವಳ ಫೋನಿನಲ್ಲಿ ಇಣುಕಿದ.

"ಏನವಾ ಇದು, ಕನ್ನಡನೋ ಭಾನಾಮತಿನೋ?"

"ನಿಮ್ಮ ಗೋಳ ತಿರಗೂದು ನಿಂತ್ರ ಹೇಳ್ರಿ, ಆಮ್ಯಾಲೆ ಮಾತಾಡೂಣು."

"ನೀಲಾ, ದೊಡ್ಡವರ ಮುಂದ ಹಿಂಗ ಮಾತಾಡಬಾರದು," ಅಂದರು ಹೆಡ್‌ಮಾಸ್ತರ್.

"ದೊಡ್ಡವರು ಎಲ್ಲಿ ಕುಂತಾರ್ರಿ ಸರ್?"

ಮುಸ್ತಾಕ ಒಂದು ಕಂಪ್ಯೂಟರಿನ ವಾಯರು ಕಿತ್ತಿದ್ದ. "ಸರ್, ಜಲ್ದಿ ಹೇಳ್ರಿ. ಹೊರಬೇಕೋ, ಬಿಡಬೇಕೋ?"

ಮಂಜುಳಾ ಪಕ್ಕದ ಕಂಪ್ಯೂಟರಿನ ಮುಂದೆ ಕೂತು ಅಕ್ಕ ಹೇಳಿದ ವಿಳಾಸ ಒತ್ತಿದಳು. ನೀಲಾ ಅವಳ ಬೆನ್ನ ಹಿಂದೆ ಬಗ್ಗಿ ನಿಂತಳು. ಭಾನಾಮತಿಯೇ ಬಂದುಬಿಟ್ಟರೆ? ಪರದೆ ಒಮ್ಮೆ ಬೆಳ್ಳಗಾಯಿತು. ಮರುಕ್ಷಣ ಮೇಲಿಂದ ಕೆಳಗಿನವರೆಗೆ ದುಂಡು ದುಂಡು ಕನ್ನಡ! 'ಮುಂದಿನದು' ಒತ್ತಿದ ಬೆರಳು ಎತ್ತುವುದರೊಳಗೆ ಮುಂದಿನ ಪುಟವೂ ಬಂತು.

"ಇದಕ್ಕೂ ವೆಬ್‌ಸೈಟ್ ಅಂತಾರೇನ್ರಿ ಸರ್?" ಮಹಾಂತೇಶ ಮೂಗು ಮುರಿದ. "ಬಣ್ಣಿಲ್ಲ, ಚಿತ್ರಿಲ್ಲ. ಬೋಳ ಗ್ವಾಡಿ!"

"ಅದೂ ಖರೇನ..." ಬಾಗಿಲಗಲದ ತಮ್ಮ ಫೋಟೋ ನೆನಪಾಗಿ ಸುಭಾಸ ಸರ್ ಅವನತ್ತ ವಾಲಿದರು.

ಆಗಲೇ ಮಂಜುಳಾ, "ಅಕ್ಕಾ, ಮೂರನೇದು ತಪ್ಪೈತಿ. ಎಲಿ ಆಹಾರ ತಯಾರಸೂವಾಗ ಬಿಡೂದು ಆಮ್ಲಜನಕ. ನೀ ಇಂಗಾಲದ ಡೈಆಕ್ಸೈಡ್ ಅಂತ ಬರದೀ."

ಮಹಾಂತೇಶ ತೊಡೆ ತಟ್ಟಿ ನಕ್ಕ. "ಗುರುತಾಯಿ ಪಾಠಾನ ಕಲತಿಲ್ಲಲ್ರೀ!"

ನೀಲಾಳ ಕಿವಿ ಕೆಂಪಾದವು. ಹೆಬ್ಬೆರಳು ಮಾತ್ರ ಓಡುತ್ತಲೇ ಇತ್ತು. "ಮಂಜೂ, ಇನ್ನೊಮ್ಮೆ ತಗಿ."

ತೆಗೆದಳು. ಆಮ್ಲಜನಕ.

"ನಮ್ಮ ತಪ್ಪು ಹೋತ್ರಿ," ನೀಲಾ ಮಹಾಂತೇಶನತ್ತ ತಿರುಗಿದಳು. "ಈಗ ನಿಮ್ಮದು ತಿದ್ರಿ. ಸರ್ ಫೋಟೋ ಕೆಳಗ 'ನಿವೃತ್ತ ಮುಖ್ಯೋಪಾಧ್ಯಾಯರು' ಅಂತ ಬರದೀರಲ್ಲ, ಅದನ್ನ."

"ನಿವೃತ್ತ?" ಸುಭಾಸ ಸರ್ ದನಿ ಸೀಳಿತು. "ಯಾರು? ನಾನಾ?"

"ಅದು... ಬ್ಯಾರೆ ಶಾಲಿಗೆ ಮಾಡಿದ್ದು ಹಂಗ ಬಂದಿರಬೇಕ್ರಿ."

"ತಿದ್ದು ಮತ್ತ! ಆ ಹುಡುಗಿ ತಿದ್ದಿದಂಗ ನನ್ನ ಮುಂದ ತಿದ್ದು!"

"ಹುಬ್ಬಳ್ಳಿ ಟೀಮಿಗೆ ಹೇಳಬೇಕ್ರಿ ಸರ್. ಮುಂದಿನ ತಿಂಗಳು..."

ಮಕ್ಕಳ ಓದಿಗೆ ಕರಗದ ಹೆಡ್‌ಮಾಸ್ತರ್ ತಮ್ಮ ನೌಕರಿಗೆ ಕರಗಿಹೋದರು. "ಮುಸ್ತಾಕ, ಆ ವಾಯರ್ ಇದ್ದಂಗ ಹಚ್ಚಪಾ. ಒಂದೂ ಒಯ್ಯೂದಿಲ್ಲ."

"ಮತ್ತ ಗಾಡಿ ಖಾಲಿ ಹೊಡಕೊಂಡು ಹೋಗ್ಲೇನ್ರಿ?" ಮುಸ್ತಾಕ ಗೊಣಗುತ್ತ ವಾಯರು ಸಿಕ್ಕಿಸಿ ಗೇಟಿಗೆ ನಡೆದ. ಅಲ್ಲಿ ಮಹಾಂತೇಶನ ಮುಖವಿದ್ದ 'ಡಿಜಿಟಲ್ ಶಾಲೆ' ಬೋರ್ಡು ನಿಂತಿತ್ತು. ಅದರ ಚೌಕಟ್ಟನ್ನು ಬೆರಳಿನಿಂದ ಟಣಟಣ ಬಡಿದು ನೋಡಿದ.

"ಸರ್, ಇದರ ಕಬ್ಬಿಣ ಛಲೋ ಐತ್ರಿ!"

ಸುಭಾಸ ಸರ್ ಬ್ಯಾಡ ಅನ್ನಲಿಲ್ಲ. ಒಳಗೆ ಮಂಜುಳಾ ಆಗಲೇ ನಾಲ್ಕನೇ ಪ್ರಶ್ನೆಗೆ ಹೋಗಿದ್ದಳು.